ಭೂತಾನದ ವಿದ್ಯುತ್ತೂ ಚಳಿಗಾಲದ ಹೊಳೆಯೂ

ಒಂದು ದೇಶದಲ್ಲಿ ಎಷ್ಟು ವಿದ್ಯುದಾಗಾರಗಳಿವೆಯೆಂದು ಕೇಳುವದು ಸುಲಭ; ವರುಷದ ಅತಿ ಬಡ ತಿಂಗಳಲ್ಲಿ ಅವು ಎಷ್ಟು ಶಕ್ತಿಯನ್ನು ಕೊಡುತ್ತವೆಂದು ಕೇಳುವವರು ವಿರಳ. ಮನೆವಾರ್ತೆ ನಡಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಎರಡನೆಯ ಪ್ರಶ್ನೆಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ಸುಗ್ಗಿಯ ಕಣಜವನ್ನು ನೋಡಿ ಆಷಾಢದ ಊಟವನ್ನು ಲೆಕ್ಕಿಸುವ ಗೃಹಿಣಿ ಯಾರೂ ಇಲ್ಲವಷ್ಟೆ. ಈ ದೃಷ್ಟಿಯಿಂದ ನಮ್ಮ ನೆರೆಯ ಭೂತಾನವನ್ನು ಕುರಿತು ಕೆಲವು ಮಾತುಗಳನ್ನು ಬರೆಯಲಿಚ್ಛಿಸುತ್ತೇನೆ.

ಎಂಟು ಲಕ್ಷಕ್ಕೆ ಮೀರದ ಜನರುಳ್ಳ ಆ ರಾಜ್ಯಕ್ಕೆ ಸಮುದ್ರತೀರವಿಲ್ಲ, ಎಣ್ಣೆಯ ಬಾವಿಗಳಿಲ್ಲ. ಹಿಮಾಲಯದಿಂದ ಕಡಿದಾಗಿ ಇಳಿಯುವ ಹೊಳೆಗಳೇ ಅದರ ಐಶ್ವರ್ಯ. ವಾಂಗ್‌ಛು ನದಿಯ ಮೇಲೆ ಚೂಖಾ ಎಂಬಲ್ಲಿ ೩೩೬ ಮೆಗಾವಾಟಿನ ವಿದ್ಯುದಾಗಾರವು ೧೯೮೬ರಿಂದ ೧೯೮೮ರೊಳಗೆ ಹಂತಹಂತವಾಗಿ ನಡೆಯತೊಡಗಿತು. ಅದೇ ನೀರನ್ನು ಕೆಳಗಡೆ ಮತ್ತೊಮ್ಮೆ ಹಿಡಿದು, ಬೆಟ್ಟದೊಳಗೆ ಸುಮಾರು ೨೩ ಕಿಲೋಮೀಟರು ಸುರಂಗದಲ್ಲಿ ಹರಿಯಿಸಿ, ೨೦೦೬–೦೭ರಲ್ಲಿ ತಾಲಾ ಎಂಬಲ್ಲಿ ೧೦೨೦ ಮೆಗಾವಾಟಿನ ಇನ್ನೊಂದನ್ನು ನಡಿಸಿದರು. ಈ ಎರಡಕ್ಕೂ ಭಾರತವೇ ಹಣವನ್ನೊದಗಿಸಿತು. ನೂರಕ್ಕೆ ೬೦ ದಾನ, ೪೦ ಸಾಲ. ೨೦೧೯ರಲ್ಲಿ ಉದ್ಘಾಟನೆಯಾದ ೭೨೦ ಮೆಗಾವಾಟಿನ ಮಾಂಗ್ದೆಛುವಿಗಾದರೋ ದಾನ ೩೦, ಸಾಲ ೭೦. ಮಳೆಗಾಲದಲ್ಲಿ ಮಿಗುವ ಶಕ್ತಿಯನ್ನು ನಮ್ಮ ದೇಶವು ಕೊಳ್ಳುತ್ತದೆ. ಅಲ್ಲಿ ಶಾಲೆಯೂ ಔಷಧವೂ ಪ್ರಜೆಗಳಿಗೆ ಉಚಿತವಾಗಿ ದೊರೆಯುವದಕ್ಕೆ ಈ ಆದಾಯವೂ ಒಂದು ಕಾರಣ.

ಇದನ್ನು ನಾನು ಹಗುರವಾಗಿ ಎಣಿಸುವದಿಲ್ಲ. ಹಳ್ಳಿಗೆ ತಂತಿ ಬಂದ ಮೇಲೆ ಹೆಂಗಸರ ಸೌದೆಯ ಹೊರೆ ಕಡಿಮೆಯಾಯಿತು, ಅಡಿಗೆಮನೆಯ ಹೊಗೆ ತಗ್ಗಿತು, ಹುಡುಗಿಯರಿಗೆ ಸಂಜೆ ಓದಲು ಬೆಳಕಾಯಿತು. ೨೦೧೩ರಲ್ಲಿ ಹಳ್ಳಿಯ ಮನೆಗಳಿಗೆ ತಿಂಗಳಿಗೆ ೧೦೦ ಯೂನಿಟ್ ಉಚಿತವೆಂದು ಗೊತ್ತುಮಾಡಿದರು. ಫೋಬ್ಜಿಖಾ ಕಣಿವೆಗೆ ಚಳಿಗಾಲದಲ್ಲಿ ಬರುವ ಕಪ್ಪು ಕೊರಳಿನ ಕ್ರೌಂಚ ಪಕ್ಷಿಗಳಿಗೆ ಅಪಾಯವಾಗದಂತೆ ತಂತಿಯನ್ನು ನೆಲದೊಳಗೇ ಹುಗಿದರು. ಇಂಥ ಸೂಕ್ಷ್ಮಬುದ್ಧಿ ದೊಡ್ಡ ದೇಶಗಳಿಗೆ ಯಾವಾಗಲೂ ಇರುವದಿಲ್ಲ!

ಆದರೆ ಈ ವಿದ್ಯುದಾಗಾರಗಳಿಗೆ ದೊಡ್ಡ ಜಲಾಶಯಗಳಿಲ್ಲ. ಹರಿದು ಬಂದ ನೀರೇ ಗತಿ. ಚಳಿಗಾಲದಲ್ಲಿ ಹೊಳೆಗಳು ಸೊರಗಿದಾಗ ಉತ್ಪತ್ತಿಯು ಪೂರ್ಣಶಕ್ತಿಯ ಸುಮಾರು ಐದನೆಯ ಒಂದು ಪಾಲಿಗೆ ಇಳಿಯುವದು. ಆಗಲೇ ಮನೆಗಳಲ್ಲಿ ಚಳಿ ಕಾಯಿಸುವ ಯಂತ್ರಗಳು ನಡೆಯತೊಡಗುವವು. ಹೀಗೆ ಮಳೆಗಾಲದಲ್ಲಿ ಮಾರಿದ ದೇಶವೇ ಇತ್ತೀಚಿನ ಚಳಿಗಾಲಗಳಲ್ಲಿ ನಮ್ಮಿಂದ ವಿದ್ಯುತ್ತನ್ನು ಕೊಂಡಿದೆ. ಇದರ ಮೇಲೆ, ಬಿಟ್‌ಕಾಯಿನ್ ಎಂಬ ಗಣಕನಾಣ್ಯವನ್ನು ವಿದ್ಯುತ್ತಿನಿಂದ ಗಳಿಸುವ ಉದ್ಯಮವನ್ನೂ ಅಲ್ಲಿಯ ಸರಕಾರದ ಸಂಸ್ಥೆಯು ಕೈಕೊಂಡಿದೆ. ಮಳೆಗಾಲದ ಮಿಕ್ಕ ನೀರಿನಿಂದಾದರೆ ನನ್ನ ಆಕ್ಷೇಪವಿಲ್ಲ. ಜನವರಿಯಲ್ಲಿ ಅದು ಒಲೆಯ ಪಾಲನ್ನು ಕಸಿಯಕೂಡದು.

ಮೈಸೂರಿನವರೂ ಇದೇ ಕಷ್ಟವನ್ನು ಕಂಡವರು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಬೇಸಿಗೆಯ ಕಾವೇರಿ ಅದಕ್ಕೆ ಸಾಲದೆ ಹೋದುದೂ ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯನ್ನು ಆರಂಭಿಸುವದಕ್ಕೆ ಒಂದು ಕಾರಣ. ಭೂತಾನಕ್ಕೂ ಅಂಥ ಜಲಾಶಯ ಬೇಕೆಂಬವರುಂಟು. ಆದರೆ ಅದಕ್ಕೆ ಕಣಿವೆಯ ಹೊಲಗಳು ಮುಳುಗಬೇಕು, ಬೆಟ್ಟವೂ ನಂಬತಕ್ಕದ್ದಲ್ಲ. ೧೨೦೦ ಮೆಗಾವಾಟಿನ ಪುನಾತ್ಸಾಂಗ್‌ಛು ಒಂದನೆಯ ಯೋಜನೆಯ ಕೆಲಸವು ೨೦೦೮ರಲ್ಲಿ ಆರಂಭವಾಗಿ, ೨೦೧೩ರಲ್ಲಿ ಅಣೆಕಟ್ಟಿನ ಬಲದಂಡೆಯ ಗುಡ್ಡ ಜರಿದುದರಿಂದ ಬಹುವರ್ಷ ಹಿಂದೆಬಿದ್ದಿತು. ಸಾಲವಾದರೋ ಗುಡ್ಡದೊಡನೆ ಜರಿಯುವದಿಲ್ಲ.

ಅಲ್ಲಿಯ ಚಳಿಗಾಲದ ಆಕಾಶವು ನಿರ್ಮಲ. ಆದುದರಿಂದ ಮುಂದಿನ ಸಾಲವನ್ನು ಮತ್ತೊಂದು ಮಹಾಸುರಂಗಕ್ಕಿಂತ ಮೊದಲು ಬಿಸಿಲಿನ ಫಲಕಗಳಿಗೂ, ಮನೆಯ ಬಿಸಿ ಹೊರಹೋಗದಂತೆ ಗೋಡೆ ಕಿಟಕಿಗಳನ್ನು ಭದ್ರಪಡಿಸುವದಕ್ಕೂ ಕೊಡುವದು ಲೇಸೆಂದು ನನಗೆ ತೋರುತ್ತದೆ. ರಾತ್ರಿ ಬಿಸಿಲುಂಟೇ ಎಂದು ಕೇಳುವಿರಿ. ಹಗಲಿನ ಕೆಲಸವನ್ನು ಬಿಸಿಲಿನಿಂದ ನಡಿಸಿದರೆ, ಈಗಿರುವ ಕಟ್ಟೆಗಳ ಹಿಂದೆಯೇ ಕೆಲವು ಗಂಟೆಗಳ ನೀರನ್ನು ಸಂಜೆಯ ಅಡಿಗೆಯ ಹೊತ್ತಿಗೆ ತಡೆದಿಡಬಹುದು.