ತುಳಸಿ ಕುಂಡದಿಂದ ಸೊಳ್ಳೆ ಓಡದು: ಆಕ್ಷೇಪಗಳಿಗೆ ಉತ್ತರ

ಅಂಗಳದಲ್ಲಿ ತುಳಸಿ, ಚೆಂಡುಹೂ, ಮಜ್ಜಿಗೆ ಹುಲ್ಲು ನೆಟ್ಟುಬಿಟ್ಟರೆ ಸೊಳ್ಳೆ ಹತ್ತಿರ ಸುಳಿಯದು ಎಂಬ ಮಾತು ನಿಜವಲ್ಲ ಎಂದು ಇದೇ ಪತ್ರಿಕೆಯಲ್ಲಿ ಬರೆದಿದ್ದೆ. ಅಂಥವೇ ಗಿಡಗಳ ಎಣ್ಣೆಯನ್ನೂ ಸೊಪ್ಪನ್ನೂ ಹದವರಿತು ಬಳಸಿದರೆ ಸಂಜೆ ಒಂದಷ್ಟು ಹೊತ್ತು ಜಗಲಿಯಲ್ಲಿ ನೆಮ್ಮದಿಯಾಗಿ ಕೂರಬಹುದು ಎಂದೂ ಬರೆದಿದ್ದೆ. ಮೊದಲ ಮಾತಿಗೆ ಗಿಡಮೂಲಿಕೆಯನ್ನು ನಂಬಿದವರು ಸಿಟ್ಟಾದರು, ಎರಡನೆಯದಕ್ಕೆ ವೈದ್ಯ ಮಿತ್ರರು. ಬಂದ ಪತ್ರಗಳನ್ನೆಲ್ಲ ಓದಿದ್ದೇನೆ. ಉತ್ತರಿಸದೆ ಬಿಡುವ ವಿಷಯ ಇದಲ್ಲ. ತಪ್ಪು ತಿಳಿವಳಿಕೆಯ ಮೇಲೆ ಭರವಸೆ ಇಟ್ಟವರು ಆಮೇಲೆ ಆಸ್ಪತ್ರೆಯಲ್ಲಿ ಮಗುವಿನ ಪ್ಲೇಟ್‌ಲೆಟ್ ವರದಿಗೆ ಕಾಯುತ್ತ ಕೂರಬೇಕಾಗುತ್ತದೆ.

"ನಮ್ಮ ಹಿರಿಯರು ಗಿಡ ಬೆಳೆಸಿಯೇ ಸೊಳ್ಳೆಯನ್ನು ದೂರ ಇಟ್ಟಿದ್ದರು, ಅವರೇನು ದಡ್ಡರೇ?" ಎಂಬುದು ಹೆಚ್ಚು ಪತ್ರಗಳಲ್ಲಿ ಬಂದ ಪ್ರಶ್ನೆ. ಖಂಡಿತ ಅಲ್ಲ. ಅದಕ್ಕೇ ಅವರು ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳಬೇಕು. ಅವರು ಲಕ್ಕಿ ಗಿಡವನ್ನು ಕುಂಡದಲ್ಲಿಟ್ಟು ಪಕ್ಕದಲ್ಲಿ ಕೂತವರಲ್ಲ. ದೀಪ ಹಚ್ಚುವ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಕೆಂಡ ಇಟ್ಟು, ಅದರ ಮೇಲೆ ಅರೆ ಒಣಗಿದ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹರಡಿ, ಉರಿ ಏಳದಂತೆ ನೀರು ಚಿಮುಕಿಸಿ ಹೊಗೆ ಎಬ್ಬಿಸುತ್ತಿದ್ದರು. ಬೇವಿನೆಣ್ಣೆಯನ್ನು ಮೈಗೆ ಸವರಿಕೊಳ್ಳುತ್ತಿದ್ದರು. ಗಿಡದೊಳಗಿನ ಸತ್ವವನ್ನು ಹೊರಗೆ ತೆಗೆಯುವ ಕೆಲಸ ಅದು. ಇನ್ನು ಪತ್ರಗಳಲ್ಲಿ ಪರಂಪರೆಯ ಹೆಸರಿನಲ್ಲಿ ಬಂದಿರುವ ಚೆಂಡುಹೂ ಮೆಕ್ಸಿಕೊ ಕಡೆಯದು, ಲಂಟಾನ ಅಮೆರಿಕ ಖಂಡದ್ದು, ನೀಲಗಿರಿ ಆಸ್ಟ್ರೇಲಿಯಾದ್ದು. ಹೊರಗಿನಿಂದ ಬಂದವು ಎಂದ ಮಾತ್ರಕ್ಕೆ ಕೆಟ್ಟವಲ್ಲ, ಆದರೆ ಅವಕ್ಕೆ ಸಾವಿರಾರು ವರ್ಷದ ಸಾಕ್ಷಿ ಹೇಳಿಸಬಾರದು. ಲಂಟಾನವನ್ನಂತೂ ಸೊಳ್ಳೆಯ ನೆಪದಲ್ಲಿ ನೆಡಲೇಬೇಡಿ. ಬಂಡೀಪುರದ ಕಾಡಿನ ನೆಲವನ್ನು ಅದು ನುಂಗಿರುವುದು ಸಾಕು.

ಅಷ್ಟಕ್ಕೂ ಆಗ ಸೊಳ್ಳೆ ದೂರ ಇತ್ತೇ? ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಸುಮಾರು ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಸರ್ಕಾರಿ ಅಂದಾಜು. ಮಲೆನಾಡಿನಲ್ಲಿ ಚಳಿಜ್ವರಕ್ಕೆ ಹೆದರಿ ಊರು ಬಿಟ್ಟವರ ಕಥೆ ಹಳೆಯ ಮನೆತನಗಳಲ್ಲಿ ಇನ್ನೂ ಕೇಳಸಿಗುತ್ತದೆ. ಆ ಮನೆಗಳ ಅಂಗಳದಲ್ಲೂ ತುಳಸಿಕಟ್ಟೆ ಇತ್ತು, ಹಿತ್ತಲಲ್ಲಿ ಬೇವೂ ಇತ್ತು, ಲಕ್ಕಿಯೂ ಇತ್ತು.

ಎರಡನೆಯ ಆಕ್ಷೇಪ: "ಗಿಡದ ಪಕ್ಕ ಹಾದುಹೋದರೆ ನಮ್ಮ ಮೂಗಿಗೇ ವಾಸನೆ ಬಡಿಯುತ್ತದೆ, ಸೊಳ್ಳೆಗೆ ಬಡಿಯದೇ?" ಇದು ಒಳ್ಳೆಯ ಪ್ರಶ್ನೆ, ನಿಧಾನವಾಗಿ ನೋಡೋಣ. ಕಚ್ಚುವುದು ಹೆಣ್ಣು ಸೊಳ್ಳೆ. ನಮ್ಮ ಉಸಿರಿನ ಇಂಗಾಲದ ಡೈ ಆಕ್ಸೈಡ್, ಬೆವರಿನ ಲ್ಯಾಕ್ಟಿಕ್ ಆಮ್ಲ, ಮೈಯ ಬಿಸಿ, ಇವುಗಳ ಜಾಡು ಹಿಡಿದು ಅದು ಬರುತ್ತದೆ. ಅದನ್ನು ತಡೆಯಬೇಕಾದರೆ ಚರ್ಮದ ಮೇಲೆಯೇ, ಅದಕ್ಕೆ ಹಿಡಿಸದ ಆವಿಯ ತೆಳುಪದರ ಸತತವಾಗಿ ಏಳುತ್ತಿರಬೇಕು. ನಾಲ್ಕು ಮಾರು ಆಚೆ ಇರುವ ಕುಂಡದಿಂದ ಅಂಥ ಪದರ ಬರುವುದಿಲ್ಲ. ತುಳಸಿಯ ಒಂದು ಎಲೆ ಕಿತ್ತು ಮೂಗಿನ ಹತ್ತಿರ ಹಿಡಿದು ನೋಡಿ, ಮಂದವಾದ ವಾಸನೆ. ಅದನ್ನೇ ಹೆಬ್ಬೆರಳಿನಿಂದ ಉಜ್ಜಿ ಹಿಸುಕಿದರೆ ಘಾಟು ಏರುತ್ತದೆ. ಎಲೆಯ ಮೇಲಿನ ಸಣ್ಣ ಗ್ರಂಥಿಗಳು ಒಡೆದಾಗಲೇ ಎಣ್ಣೆ ಹೊರಬರುವುದು. ಗಾಳಿಗೆ ತಣ್ಣಗೆ ತೂಗುತ್ತ ನಿಂತ ಗಿಡ ಆ ಎಣ್ಣೆಯನ್ನು ಹೆಚ್ಚಾಗಿ ತನ್ನಲ್ಲೇ ಇಟ್ಟುಕೊಂಡಿರುತ್ತದೆ.

ನರ್ಸರಿಗಳಲ್ಲಿ "ಸೊಳ್ಳೆ ಗಿಡ" ಎಂದು ಮಾರುವ ಸಿಟ್ರೋಸಾ ಜೆರೇನಿಯಂ ಮೇಲೆ ಕೆನಡಾದ ಸಂಶೋಧಕರು ಪ್ರಯೋಗ ನಡೆಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಿಡಗಳ ಪಕ್ಕ ಕೂತವರಿಗೂ ಗಿಡವಿಲ್ಲದೆ ಕೂತವರಿಗೂ ಸೊಳ್ಳೆ ಕಡಿತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸೊಳ್ಳೆಗಳು ಆ ಗಿಡದ ಎಲೆಯ ಮೇಲೆಯೇ ಬಂದು ಕೂರುತ್ತಿದ್ದವು. ಎದುರು ಪಕ್ಷದವರು ಎತ್ತಬಹುದಾಗಿದ್ದ, ಆದರೆ ಎತ್ತದ ಪುರಾವೆಯೊಂದಿದೆ, ಅದನ್ನೂ ನಾನೇ ಹೇಳುತ್ತೇನೆ. ಕೆನ್ಯಾದಲ್ಲಿ 2002ರ ಸುಮಾರಿಗೆ ನಡೆದ ಪರೀಕ್ಷೆಗಳಲ್ಲಿ ತುಳಸಿಯ ಜಾತಿಗೆ ಸೇರಿದ ಕಾಡು ಗಿಡವೊಂದನ್ನೂ ಲಂಟಾನವನ್ನೂ ಕುಂಡದಲ್ಲಿಟ್ಟಾಗ ಮಲೇರಿಯಾ ಸೊಳ್ಳೆಯ ಕಾಟ ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಬಡ ದೇಶವೊಂದರ ಬಡ ಮನೆಗೆ ಅದೂ ಲಾಭವೇ. ಆದರೆ ಉಳಿದ ಎರಡು ಪಾಲು ಸೊಳ್ಳೆ ಕಚ್ಚುತ್ತಲೇ ಇತ್ತಲ್ಲ! ಅದೇ ಸಂಶೋಧಕರು ಸೊಪ್ಪನ್ನು ಸುಡದೆ, ಬಿಸಿ ಲೋಹದ ತಗಡಿನ ಮೇಲೆ ಕಾಯಿಸಿ ಆವಿ ಬಿಡಿಸಿದಾಗ ಫಲ ಇನ್ನೂ ಚೆನ್ನಾಗಿತ್ತು. ನಮ್ಮ ಕಡೆ ಹಂಚು ಇಲ್ಲದ ಮನೆಯೇ ಇಲ್ಲ. ಕೆಂಡದ ಮೇಲೆ ಹಂಚಿಟ್ಟು ಹಸಿ ಸೊಪ್ಪು ಹರಡಿದರೆ ಹೊಗೆ ಕಡಿಮೆ, ಎಣ್ಣೆಯ ಆವಿ ಹೆಚ್ಚು.

ಕುಂಡದ ಬಗ್ಗೆ ಇನ್ನೊಂದು ಮಾತು. ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಸ್ಟೀಲ್ ಲೋಟಕ್ಕೆ ಸುರಿದು ಬಿಸಿಲಿಗೆ ಹಿಡಿದು ನೋಡಿ. ಮೇಲ್ಮೈಗೆ ಬಾಲದ ತುದಿಯ ನಳಿಗೆ ತಾಗಿಸಿ, ತಲೆಕೆಳಗಾಗಿ ನೇತಾಡುವ ಕೂದಲೆಳೆಯಂಥ ಮರಿಗಳು ಕಾಣಬಹುದು. ಕೈಯ ನೆರಳು ಬಿದ್ದೊಡನೆ ಅವು ಕೊಂಕುತ್ತ ತಳಕ್ಕಿಳಿಯುತ್ತವೆ. ಬೇಸಿಗೆಯಲ್ಲಿ ವಾರ, ಹತ್ತು ದಿನದಲ್ಲಿ ಅವಕ್ಕೆ ರೆಕ್ಕೆ ಬರುತ್ತದೆ. ಸೊಳ್ಳೆ ಓಡಿಸಲೆಂದು ಇಟ್ಟ ಕುಂಡದಿಂದಲೇ ಡೆಂಗಿ ಹರಡುವ ಈಡಿಸ್ ಹೊರಡುತ್ತದೆ. ನನ್ನ ಲೇಖನದಲ್ಲಿ ಕಟುವಾಗಿ ಬರೆದದ್ದು ಇದಕ್ಕೇ.

"ನೈಸರ್ಗಿಕವಾದದ್ದಕ್ಕೆ ಅಡ್ಡಪರಿಣಾಮ ಇಲ್ಲ" ಎಂದವರಿಗೆ ನೇರವಾಗಿ ಹೇಳುತ್ತೇನೆ: ಇದೆ. ಪುಟ್ಟ ಮಕ್ಕಳ ಹೊಟ್ಟೆಗೆ ಬೇವಿನೆಣ್ಣೆ ಹೋಗಿ ಮಿದುಳಿಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಕರ್ಪೂರ, ನೀಲಗಿರಿ ಎಣ್ಣೆ ನುಂಗಿದ ಮಕ್ಕಳಿಗೆ ಫಿಟ್ಸ್ ಬರಬಹುದು. ಸಿಟ್ರೊನೆಲ್ಲ ಎಂಬ ಹುಲ್ಲಿನ ಎಣ್ಣೆಯನ್ನು ಬೆರಕೆಯಿಲ್ಲದೆ ಹಚ್ಚಿದರೆ ಚರ್ಮ ಉರಿಯುತ್ತದೆ, ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಕಲೆ ಏಳಬಹುದು. ಅಂಗಡಿಯ "ಹರ್ಬಲ್" ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸೊಳ್ಳೆ ಅಗರಬತ್ತಿಗಳಲ್ಲಿ ನೋಂದಣಿಯಾಗದ ಕೀಟನಾಶಕ ಸಿಕ್ಕಿದ್ದು ಸುದ್ದಿಯಾಗಿದೆ.

ಒಬ್ಬರು "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ನನಗೆ ಅನ್ವಯಿಸಿದ್ದಾರೆ. ಹಿತ್ತಲ ಗಿಡ ಮದ್ದೆಂದೇ ನನ್ನ ವಾದ. ಮದ್ದಾದ ಮೇಲೆ ಅದಕ್ಕೆ ಪ್ರಮಾಣ ಉಂಟು, ಹೊತ್ತು ಉಂಟು, ಪಥ್ಯ ಉಂಟು.

ನೀಲಗಿರಿ ಎಣ್ಣೆಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಒಪ್ಪಿದೆಯಲ್ಲ ಎಂದು ಕೇಳಿದವರು ಹಲವರು. ಇಲ್ಲಿ ಎರಡು ಮರಗಳು ಒಂದಾಗಿ ಕಲಸಿಹೋಗಿವೆ. ಆ ಕೇಂದ್ರ 2005ರಲ್ಲಿ ಶಿಫಾರಸು ಮಾಡಿದ್ದು ಲೆಮನ್ ಯೂಕಲಿಪ್ಟಸ್ ಎಂಬ ಬೇರೆ ಮರದಿಂದ ಸಿದ್ಧಪಡಿಸಿದ ದ್ರವ್ಯವನ್ನು. ಅದರ ಸತ್ವದ ಹೆಸರು ಪಿಎಂಡಿ. ಚೀನಾದವರು ಆ ಮರದ ಎಲೆಯ ಎಣ್ಣೆ ಬಟ್ಟಿ ಇಳಿಸಿದ ಮೇಲೆ ಉಳಿದ ಚರಟದಲ್ಲಿ ಇದನ್ನು ಗುರುತಿಸಿದರು. ಎಣ್ಣೆಯಷ್ಟು ಬೇಗ ಇದು ಆರಿಹೋಗುವುದಿಲ್ಲ, ಅದರ ಶಕ್ತಿ ಇರುವುದೇ ಅಲ್ಲಿ. ಊಟಿಗೆ ಹೋದವರು ತರುವ ಸಣ್ಣ ಬಾಟಲಿಯ ನೀಲಗಿರಿ ಎಣ್ಣೆ ಇನ್ನೊಂದು ಜಾತಿಯದು, ಅದರಲ್ಲಿ ಹೆಚ್ಚಾಗಿರುವುದು ಶೀತಕ್ಕೆ ಮೂಸುವ ಸಿನಿಯೋಲ್. ಕೋಲಾರ, ತುಮಕೂರು ಕಡೆ ಸಾಲುಸಾಲಾಗಿ ಬೆಳೆದ ನೀಲಗಿರಿಯೂ ಲೆಮನ್ ಯೂಕಲಿಪ್ಟಸ್ ಅಲ್ಲ. ಆದ್ದರಿಂದ ಕೊಳ್ಳುವಾಗ ಹೆಸರು ಓದಿ. ಮೂರು ವರ್ಷದೊಳಗಿನ ಮಕ್ಕಳಿಗೆ ಇದನ್ನು ಹಚ್ಚಬಾರದು ಎಂಬುದೂ ಅದೇ ಶಿಫಾರಸಿನ ಭಾಗ.

ಈಗ ವೈದ್ಯರ ಕಡೆಗೆ. ಅವರ ಮೊದಲ ಆಕ್ಷೇಪ ಖಡಾಖಂಡಿತವಾಗಿದೆ: "ಗಿಡದ ಎಣ್ಣೆ ಇಪ್ಪತ್ತು ನಿಮಿಷ ನಿಲ್ಲುತ್ತದೆ, ಡೀಟ್ ಎಂಬ ರಾಸಾಯನಿಕ ಲೇಪ ಐದು ಗಂಟೆ ನಿಲ್ಲುತ್ತದೆ, ಚರ್ಚೆ ಮುಗಿಯಿತು." 2002ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಪರೀಕ್ಷೆಯನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಶೇ. 23.8 ಡೀಟ್ ಇದ್ದ ಲೇಪ ಸರಾಸರಿ 301.5 ನಿಮಿಷ ಕಾಪಾಡಿತು, ಸಿಟ್ರೊನೆಲ್ಲ ಲೇಪಗಳು ಇಪ್ಪತ್ತು ನಿಮಿಷವೂ ನಿಲ್ಲಲಿಲ್ಲ. ಆ ಅಂಕಿಗಳನ್ನು ನಾನು ಒಪ್ಪುತ್ತೇನೆ. ಆದರೆ ಅದೇ ಪರೀಕ್ಷೆಯಲ್ಲಿ ಸೋಯಾ ಎಣ್ಣೆಯ ಲೇಪವೊಂದು ಒಂದೂವರೆ ಗಂಟೆ ತಡೆಯಿತು, ಅದೂ ಗಿಡದ್ದೇ. ಅದೇ ವರ್ಷ ಬೊಲಿವಿಯಾದ ಕಾಡಂಚಿನಲ್ಲಿ, ಸಂಜೆಯ ನಾಲ್ಕು ಗಂಟೆ ಕಾಲ ನಿಜವಾದ ಮಲೇರಿಯಾ ಸೊಳ್ಳೆಗಳ ಎದುರು ನಡೆದ ಪರೀಕ್ಷೆಯ ಫಲಿತಾಂಶವೂ ಬಂತು. ಶೇ. 30 ಪಿಎಂಡಿ ಇದ್ದ ಲೆಮನ್ ಯೂಕಲಿಪ್ಟಸ್ ಲೇಪ ಸುಮಾರು ಶೇ. 97 ಕಾಪಾಡಿತು, ಶೇ. 15ರ ಡೀಟ್ ಸುಮಾರು ಶೇ. 85, ಶೇ. 2ರ ಬೇವು ಸುಮಾರು ಶೇ. 57. ಡೀಟ್ ಅಲ್ಲಿ ಕಡಿಮೆ ಸಾಂದ್ರತೆಯಲ್ಲಿತ್ತು, ನಿಜ. ಆದರೂ ಗಿಡದಿಂದ ಬಂದದ್ದೆಲ್ಲ ಇಪ್ಪತ್ತು ನಿಮಿಷದ ಸರಕು ಎನ್ನುವ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ಬೇವಿನ ಬಗ್ಗೆ ನಮ್ಮ ದೇಶದ್ದೇ ಕೆಲಸ ಇದೆ. ಶೇ. 2 ಬೇವಿನೆಣ್ಣೆ ಬೆರೆಸಿದ ಕೊಬ್ಬರಿ ಎಣ್ಣೆ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯಿಂದ ಹನ್ನೆರಡು ಗಂಟೆ ಕಾಪಾಡಿತು ಎಂದು ಮಲೇರಿಯಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದರು. ಬೊಲಿವಿಯಾದ ಅಂಕಿ ಅಷ್ಟು ಉತ್ಸಾಹ ಕೊಡುವುದಿಲ್ಲ. ಸೊಳ್ಳೆಯ ಜಾತಿ, ಎಣ್ಣೆಯ ಗುಣ, ಹಚ್ಚುವ ಪ್ರಮಾಣ ಬದಲಾದಂತೆ ಫಲವೂ ಬದಲಾಗುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಸಂಜೆ ಮನೆಯಂಗಳದಲ್ಲಿ ಕೂರುವ ಹೊತ್ತಿಗೆ ಬೇವು-ಕೊಬ್ಬರಿ ಎಣ್ಣೆ ಸಾಕು, ಅದೂ ಗಂಟೆ-ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಂಡು. ಡೆಂಗಿ ಎದ್ದಿರುವ ಊರಿನಲ್ಲಿ, ಬಸುರಿ ಹೆಂಗಸಿಗೆ, ಮಲೇರಿಯಾ ಇರುವ ಕಡೆ ರಾತ್ರಿ ಕೆಲಸ ಮಾಡುವವರಿಗೆ ಪಿಎಂಡಿ ಅಥವಾ ಡೀಟ್ ಬೇಕು. ಸಿಟ್ರೊನೆಲ್ಲ ಮೇಣದಬತ್ತಿಗೆ ದುಡ್ಡು ಹಾಕುವ ಬದಲು ಜಗಲಿಗೆ ಒಂದು ಟೇಬಲ್ ಫ್ಯಾನ್ ತಂದಿಡಿ. ಸೊಳ್ಳೆ ಗಾಳಿಗೆ ಎದುರಾಗಿ ಹಾರಲಾರದು, ನಿಮ್ಮ ಉಸಿರಿನ ಜಾಡೂ ಚದುರಿಹೋಗುತ್ತದೆ.

ಹೊಗೆ ಶ್ವಾಸಕ್ಕೆ ಕೆಟ್ಟದ್ದು ಎಂದು ವೈದ್ಯರು ಹೇಳಿದ್ದು ಸರಿ, ಆದರೆ ಆ ಮಾತು ಮುಚ್ಚಿದ ಕೋಣೆಗೆ. ಒಂದು ಸೊಳ್ಳೆ ಕಾಯಿಲ್ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತು. ಸೊಪ್ಪಿನ ಹೊಗೆಯೂ ಶ್ವಾಸಕೋಶಕ್ಕೆ ಅಮೃತವಲ್ಲ. ನಾನು ಹೇಳಿದ್ದು ಬಯಲಿನಲ್ಲಿ, ಗಾಳಿ ಬೀಸುವ ಕಡೆ ಇಟ್ಟು, ಅಲ್ಪ ಹೊತ್ತು, ಸಾಧ್ಯವಾದರೆ ಹಂಚಿನ ಮೇಲೆ ಕಾಯಿಸಿ. ಆಸ್ತಮಾ ಇರುವವರ ಮನೆಯಲ್ಲಿ ಅದೂ ಬೇಡ. ಕಾಯಿಲ್ ಕೂಡ ಮೊದಲಿಗೆ ಗಿಡದ್ದೇ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಪಾನಿನಲ್ಲಿ ಅದು ಹುಟ್ಟಿದ್ದು ಸೇವಂತಿಗೆ ಬಳಗದ ಪೈರೆತ್ರಮ್ ಹೂವಿನ ಪುಡಿಯಿಂದ.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು: "ನಿಮ್ಮಂಥವರು ಬೇವು, ಲಕ್ಕಿ ಎಂದು ಬರೆದಷ್ಟೂ ಜನ ಡೆಂಗಿಯ ವಿಷಯದಲ್ಲಿ ಮೈಮರೆಯುತ್ತಾರೆ." ಈ ಭಯ ನನಗೂ ಇದೆ. ಈಡಿಸ್ ಕಚ್ಚುವುದು ಹಗಲಿನಲ್ಲಿ, ಬೆಳಿಗ್ಗೆ ಮತ್ತು ಹೊತ್ತು ಇಳಿಯುವ ಮುನ್ನ. ದೀಪ ಹಚ್ಚುವಾಗ ಹಾಕುವ ಧೂಪ ಶಾಲೆಯಲ್ಲಿ ಕೂತ ಮಗುವನ್ನು ಕಾಯುವುದಿಲ್ಲ. ಅಡಿಕೆ ತೋಟದಲ್ಲಿ ಬಿದ್ದ ಹಾಳೆ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಒಡೆದ ತೆಂಗಿನ ಕರಟ, ಮುಚ್ಚಳವಿಲ್ಲದ ಡ್ರಮ್, ಮೂಲೆಯ ಟೈರು, ಈಡಿಸ್ ಹುಟ್ಟುವ ಜಾಗ ಇವು. ನೀರು ಚೆಲ್ಲಿದರೂ ಪಾತ್ರೆಯ ಒಳಬದಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತದೆ, ಆದ್ದರಿಂದ ಪಾತ್ರೆಯನ್ನು ಉಜ್ಜಿ ತೊಳೆಯಬೇಕು. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ದಂಡಕ್ಕಿಂತ ಹೆಚ್ಚು ನಂಬಿಕೆ ನನಗೆ ಕೋಲಾರದ ರೇಷ್ಮೆ ಹಳ್ಳಿಗಳ ಅನುಭವದ ಮೇಲೆ. ಹುಳುಗಳಿಗೆ ಹಾನಿಯಾಗುತ್ತದೆಂದು ಅಲ್ಲಿ ಕೀಟನಾಶಕ ಸಿಂಪಡಿಸುವಂತಿರಲಿಲ್ಲ. 1990ರ ದಶಕದಲ್ಲಿ ಬಾವಿ, ತೊಟ್ಟಿಗಳಿಗೆ ಗಪ್ಪಿ ಮೀನು ಬಿಟ್ಟರು, ಮಲೇರಿಯಾ ಇಳಿಯಿತು. ಅದೂ ನೈಸರ್ಗಿಕ ವಿಧಾನವೇ, ಯಾಕೋ ಗಿಡದಷ್ಟು ಪ್ರಚಾರ ಅದಕ್ಕೆ ಸಿಗಲಿಲ್ಲ.

ಆದರೆ ಜನ ಮೈಮರೆಯುವುದು ಬೇವಿನ ಬಗ್ಗೆ ನಿಜ ಹೇಳಿದ್ದರಿಂದಲ್ಲ, ಕುಂಡದ ಬಗ್ಗೆ ಸುಳ್ಳು ಹೇಳಿದ್ದರಿಂದ. ಗಿಡದಿಂದ ಏನೂ ಆಗದು ಎಂದು ವೈದ್ಯರು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ, ಬೇವಿನೆಣ್ಣೆಯಿಂದ ಲಾಭ ಕಂಡ ಹಳ್ಳಿಯವರು ವೈದ್ಯರ ಉಳಿದ ಮಾತನ್ನೂ ಕೇಳುವುದಿಲ್ಲ. ಮಂಗನ ಕಾಯಿಲೆಯ ಸೀಮೆಯಲ್ಲಿ ಇದು ಜೀವದ ಪ್ರಶ್ನೆ. ಅಲ್ಲಿ ಶತ್ರು ಸೊಳ್ಳೆಯಲ್ಲ, ಉಣ್ಣೆ. ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲವನ್ನು ಬಿಟ್ಟು ಬೇವಿನೆಣ್ಣೆ ಸವರಿಕೊಂಡು ಹೊರಡುವಂತೆ ಯಾರೂ ಹೇಳಬಾರದು.

ಎರಡೂ ಕಡೆಯವರು ಸೇರಿ ಮಾಡಬಹುದಾದ ಒಂದು ಕೆಲಸ ಇದೆ. ನರ್ಸರಿಯವರು ಕುಂಡಕ್ಕೆ ಅಂಟಿಸಿದ "ಸೊಳ್ಳೆ ಗಿಡ" ಚೀಟಿಯನ್ನು ತೆಗೆಯಲಿ ಎಂದು ಕೇಳೋಣ. ಗಿಡದೆಣ್ಣೆ ಮಾರುವ ಪ್ರತಿಯೊಬ್ಬರೂ ಬಾಟಲಿಯ ಮೇಲೆ ಯಾವ ಗಿಡ, ಶೇಕಡಾ ಎಷ್ಟು, ಎಷ್ಟು ನಿಮಿಷ ತಡೆಯುತ್ತದೆ, ಯಾವ ವಯಸ್ಸಿನ ಮಕ್ಕಳಿಗೆ ಬೇಡ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ ಎಂದು ಒತ್ತಾಯಿಸೋಣ.