ತಲೆಯ ಗಾಯ ಮಾಗಿದ ಮೇಲೆ

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಕಾಲೇಜು ಹುಡುಗ ಮನೆಗೆ ಮರಳಿದ್ದಾನೆ. ಹೊಲಿಗೆ ಬಿಚ್ಚಿ, ಕೂದಲು ಬೆಳೆದು, ನಡಿಗೆಯೂ ಸರಿಹೋದಾಗ ‘ಇನ್ನೇನು, ಕಾಲೇಜಿಗೆ ಹೋಗಲಿ’ ಎನ್ನುತ್ತಾರೆ ಮನೆಯವರು. ಪಿಯುಸಿಯಲ್ಲಿ ಕಲಿತ ಸೂತ್ರಗಳನ್ನು ಅವನು ಪಟಪಟನೆ ಹೇಳುತ್ತಾನೆ. ಬೆಳಿಗ್ಗೆ ಕೇಳಿದ ಪಾಠ ಮಾತ್ರ ಸಂಜೆಗೆ ನೆನಪಿಲ್ಲ! ‘ಬೇಡದ್ದೆಲ್ಲ ನೆನಪಿರುತ್ತೆ, ಓದಿದ್ದು ಮಾತ್ರ ಇರಲ್ಲ’ ಎಂಬ ಬೈಗುಳ ಶುರುವಾಗುವುದು ಇಲ್ಲಿಂದಲೇ.

ಇದು ಸೋಮಾರಿತನವಲ್ಲ. ಹಳೆಯ ಕಲಿಕೆ ಮಿದುಳಿನ ಹೊರಪದರದಲ್ಲಿ ಹಲವೆಡೆ ಹರಡಿ ನೆಲೆಯೂರಿರುತ್ತದೆ, ಸುಲಭಕ್ಕೆ ಅಳಿಯದು. ಹೊಸದನ್ನು ನೆನಪಿಗೆ ಸೇರಿಸಲು ಹಿಪ್ಪೊಕ್ಯಾಂಪಸ್ ಎಂಬ ಒಳಭಾಗ ಬೇಕು, ಗಮನ ಹಿಡಿದಿಡಲು ಹಣೆಯ ಹಿಂದಿನ ಭಾಗ ಬೇಕು. ಅಪಘಾತದಲ್ಲಿ ಇವೆರಡಕ್ಕೂ ಪೆಟ್ಟಾಗುವುದು ಸಾಮಾನ್ಯ. ತಲೆ ರಭಸದಿಂದ ತಿರುಗಿದಾಗ ಸೂಕ್ಷ್ಮ ನರತಂತುಗಳು ಜಗ್ಗಿ ಹಾಳಾಗುವುದೂ ಉಂಟು. ಸಿ.ಟಿ. ಸ್ಕ್ಯಾನಿನಲ್ಲಿ ಇದು ಕಾಣದೇ ಹೋಗಬಹುದು. ‘ಸ್ಕ್ಯಾನ್ ನಾರ್ಮಲ್’ ಎಂಬ ಒಂದೇ ಮಾತು ಹಿಡಿದು ಹುಡುಗನನ್ನು ಅಳೆಯುವಂತಿಲ್ಲ.

ಜೊತೆಗೆ ದಣಿವು. ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮಿದುಳು, ಸುಮ್ಮನೆ ಕುಳಿತಾಗಲೂ ದೇಹದ ಶಕ್ತಿಯ ಸುಮಾರು ಶೇಕಡ 20ನ್ನು ಬಳಸುತ್ತದೆ. ಪಾಠ ಕೇಳುತ್ತ, ಬೋರ್ಡು ನೋಡುತ್ತ, ನೋಟ್ಸ್ ಬರೆಯುವುದು ಪೆಟ್ಟು ತಿಂದ ಮಿದುಳಿಗೆ ಭಾರಿ ಹೊರೆ. ಮಧ್ಯಾಹ್ನಕ್ಕೆ ತಲೆನೋವು, ಸಿಡಿಮಿಡಿ. ಟ್ಯೂಷನ್ ಹೇರಿದರೆ ಇದ್ದದ್ದೂ ಕೆಡುತ್ತದೆ.

ಆದ್ದರಿಂದ ಮೊದಲು ಆಗಬೇಕಾದದ್ದು ನರಮನೋವಿಜ್ಞಾನದ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದು ನಡೆಯುತ್ತದೆ. ನೆನಪು, ಗಮನ, ವೇಗ ಇವುಗಳಲ್ಲಿ ಯಾವುದು ಎಷ್ಟು ಕುಂದಿದೆ ಎಂದು ತಿಳಿದರೆ ದಾರಿ ಕಾಣುತ್ತದೆ. ಆರಂಭಕ್ಕೆ ಒಂದೆರಡು ವಿಷಯ ಸಾಕು. ಪಾಠವನ್ನು ಧ್ವನಿಮುದ್ರಿಸಿಕೊಳ್ಳಲಿ, ಗೆಳೆಯರ ನೋಟ್ಸ್ ಪಡೆಯಲಿ, ಓದಿದ್ದನ್ನು ಅಂದೇ, ಮರುದಿನ, ವಾರದ ಬಳಿಕ ಮೆಲುಕು ಹಾಕಲಿ. ‘ಒಂದು ವರ್ಷ ಹಾಳಾಯಿತು’ ಎಂಬ ಪೋಷಕರ ಕೊರಗು ಸಹಜವೇ. ಆದರೆ ಅವಸರದಲ್ಲಿ ಎಲ್ಲ ವಿಷಯಗಳಿಗೂ ಕೂರಿಸಿ ಫೇಲಾದರೆ ಹುಡುಗ ಓದನ್ನೇ ಬಿಟ್ಟಾನು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು ಇವುಗಳ ಪ್ರಸ್ತಾಪವಿದೆ. ಒಂದು ತೊಡಕೆಂದರೆ, ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ‘ಮಿದುಳಿನ ಪೆಟ್ಟು’ ಎಂಬ ಹೆಸರೇ ಇಲ್ಲ. ಉಳಿದುಕೊಂಡ ಮಾತಿನ ತೊಂದರೆ, ಕೈಕಾಲಿನ ದೌರ್ಬಲ್ಯ ಇಂಥವುಗಳ ಆಧಾರದ ಮೇಲೆ ಪ್ರಮಾಣಪತ್ರ ಕೇಳಬೇಕಾಗುತ್ತದೆ. ಬರೀ ನೆನಪು ಕುಂದಿದವನ ದಾರಿ ಇನ್ನೂ ಕಷ್ಟದ್ದು. ಅಂಥವನು ವೈದ್ಯರ ವರದಿಯೊಡನೆ ಪ್ರಾಂಶುಪಾಲರನ್ನು ಕಾಣಬೇಕು. ಹಾಲ್ ಟಿಕೆಟ್ ಬಂದ ಮೇಲಲ್ಲ, ತರಗತಿಗೆ ಕೂರುವ ಮೊದಲೇ.