ವೃದ್ಧಾಪ್ಯದ ಶುಶ್ರೂಷೆಯೂ ವಿಮೆಯ ಭ್ರಮೆಯೂ

ಮೈಸೂರಿನ ವಿದ್ಯಾರಣ್ಯಪುರಂನಂತಹ ಬಡಾವಣೆಗಳಲ್ಲಿ, ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದಮೇಲೆ ಹಿರಿಯರಿಬ್ಬರೇ ಉಳಿದ ಮನೆಗಳು ಅಪರೂಪವಲ್ಲ. ಅಲ್ಲಿಯ ಬೀರುವಿನಲ್ಲಿ ಆರೋಗ್ಯ ವಿಮೆಯ ಪತ್ರವೊಂದು ಭದ್ರವಾಗಿರುತ್ತದೆ. ಹಾಸಿಗೆ ಹಿಡಿದ ದಿನ ಅದು ಕಾಯುವುದೆಂಬ ನೆಮ್ಮದಿಯೂ ಇರುತ್ತದೆ. ಆ ನೆಮ್ಮದಿಗೆ ಆಧಾರವಿಲ್ಲ.

ಭಾರತದಲ್ಲಿ 1986ರಲ್ಲಿ ಬಂದ ಮೆಡಿಕ್ಲೇಮ್ ಮೊದಲುಗೊಂಡು ಇಂದಿನವರೆಗೂ ಈ ವಿಮೆಯ ತಿರುಳು ಆಸ್ಪತ್ರೆಯ ಖರ್ಚೇ. ಪಾರ್ಶ್ವವಾಯು ಬಡಿದವರ ಆಸ್ಪತ್ರೆ ಬಿಲ್ಲು ಸಂದೀತು, ಮನೆಗೆ ಬಂದಮೇಲೆ ಒಂದೆರಡು ತಿಂಗಳ ಔಷಧಕ್ಕೂ ಸಂದೀತು. ಅನಂತರದ ವರ್ಷಗಳಿಗೆ? ವಿಮಾ ಪ್ರಾಧಿಕಾರವು 2019ರಲ್ಲಿ ಏಕರೂಪಗೊಳಿಸಿದ ಹೊರತುಗಳ ಪಟ್ಟಿಯಲ್ಲಿ, ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ, ನಡೆದಾಡಿಸುವ ಸಹಾಯವನ್ನು, ಅದು ಮನೆಯಲ್ಲಾಗಲಿ ಶುಶ್ರೂಷಾಲಯದಲ್ಲಾಗಲಿ, ಹೊರಗಿಡುವ ಸಿದ್ಧ ವಾಕ್ಯವೇ ಇದೆ. ಸಹಾಯಕಿಗೆ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಂಡರೂ ಹತ್ತು ವರ್ಷಕ್ಕೆ 18 ಲಕ್ಷ. ಈ ಬಾಬಿನ ಎದುರು ಪಾಲಿಸಿಯ ಜಮೆ ಸೊನ್ನೆ.

ಶುಶ್ರೂಷೆಗೆಂದೇ ಬೇರೆ ವಿಮೆ ಬರಲಿ ಎಂಬ ಸಲಹೆ ಅಮೆರಿಕದಲ್ಲಿರುವ ಮಕ್ಕಳಿಂದಲೇ ಬರುತ್ತದೆ. ಅಲ್ಲಿನ ಕಥೆಯನ್ನು ಅವರು ಪೂರ್ತಿ ಹೇಳುವುದಿಲ್ಲ. ಅಲ್ಲಿ ಇಂತಹ ಪಾಲಿಸಿ ಮಾರಿದ ಕಂಪನಿಗಳು, ಸಾಕಷ್ಟು ಗಿರಾಕಿಗಳು ನಡುವೆಯೇ ಕಂತು ನಿಲ್ಲಿಸಿ ಹಕ್ಕು ಕಳೆದುಕೊಳ್ಳುವರೆಂದು ಎಣಿಸಿ ದರ ಕಟ್ಟಿದ್ದವು. ಎಣಿಸಿದಷ್ಟು ಮಂದಿ ನಿಲ್ಲಿಸಲಿಲ್ಲ; ಬಡ್ಡಿದರವೂ ಕುಸಿಯಿತು. ಆಗ ದುಡಿಮೆ ಮುಗಿದ ವಯಸ್ಸಿನವರ ಕಂತುಗಳನ್ನೇ ಏರಿಸಲಾಯಿತು. ಕಟ್ಟಲಾರದವರು ಸೌಲಭ್ಯದ ಕಡಿತಕ್ಕೆ ಒಪ್ಪಬೇಕು, ಇಲ್ಲವೇ ಪಾಲಿಸಿಯನ್ನೇ ಬಿಡಬೇಕು. ಪೆನ್ ಟ್ರೀಟಿ ಎಂಬ ಕಂಪನಿಯನ್ನಂತೂ 2017ರಲ್ಲಿ ನ್ಯಾಯಾಲಯದ ಆದೇಶದಿಂದ ಸಮಾಪನಗೊಳಿಸಲಾಯಿತು. ಗಿರಾಕಿ ದಾರಿಯಲ್ಲಿ ಬಿದ್ದರೆ ಲಾಭವೆಂದು ಎಣಿಸುವ ವ್ಯಾಪಾರವನ್ನು ಯಾವ ಖಾತೆಯಲ್ಲಿ ಬರೆದರೂ ಅದು ಅಚೌರ್ಯವ್ರತಕ್ಕೆ ಒಪ್ಪುವ ಲೆಕ್ಕವಾಗದು. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ತಂದ ಏರ್ಪಾಡು ಬೇರೆ. ಅದು ಕಾನೂನಿನಿಂದ ಕಡ್ಡಾಯವಾದದ್ದು, ಬಿಟ್ಟುಹೋಗುವವರ ಮೇಲೆ ನಿಂತದ್ದಲ್ಲ.

ಆಸ್ಪತ್ರೆಯ ಖರ್ಚಿಗೆ ಪಾಲಿಸಿ ಇರಲಿ, ಬೇಡವೆನ್ನುವವರಾರು? ಆದರೆ ಬಸದಿಗಳ ಟ್ರಸ್ಟುಗಳು ಹಿರಿಯರಿಗೆ ಸಾಮೂಹಿಕ ಪಾಲಿಸಿ ಮಾಡಿಸಿ ಕರ್ತವ್ಯ ತೀರಿತೆಂದುಕೊಳ್ಳುವುದು ಆತ್ಮವಂಚನೆ. ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಸಮಾಜ ಅದನ್ನು ಗುತ್ತಿಗೆಗೆ ಕೊಡಬಹುದೇ? ದೇವದ್ರವ್ಯಕ್ಕೆ ಕೈಹಚ್ಚದೆ, ದಾನಿಗಳಿಂದಲೇ ಪ್ರತ್ಯೇಕ ಶುಶ್ರೂಷಾ ನಿಧಿ ತೆರೆಯಲು ಯಾವ ಅಡ್ಡಿಯೂ ಇಲ್ಲ. ರಾತ್ರಿ ಪಾಳಿಯ ಸಹಾಯಕಿಯರ ಸಂಬಳ, ಎರವಲು ಕೊಡುವ ಗಾಲಿಕುರ್ಚಿ, ಆಸ್ಪತ್ರೆ ಮಂಚ, ಇಷ್ಟರಿಂದಲೇ ಆರಂಭಿಸಬಹುದು. ಇನ್ನು ಏಜೆಂಟರು ಪಾಲಿಸಿ ಹಿಡಿದು ಟ್ರಸ್ಟಿನ ಸಭೆಗೆ ಬಂದರೆ, ಹೊರತುಗಳ ಪುಟವನ್ನು ಕನ್ನಡದಲ್ಲಿ ಓದಿಸಿ ಕೇಳಿದ ಮೇಲೆಯೇ ಟ್ರಸ್ಟಿಗಳು ಸಹಿ ಹಾಕಲಿ.